ಹತ್ತಲು ಕಲ್ಲು, ಇಳಿಯಲು ಅಜ್ಜ

ಬೈಕಿನ ಹಿಂದಿನ ಸೀಟಿನಲ್ಲಿ ಕೂರುವವರಿಗೆ ಇರುವಷ್ಟು ನೆಮ್ಮದಿ ಇನ್ಯಾರಿಗೂ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಗುಂಡಿ ಬಂದರೆ ತಪ್ಪಿಸುವುದು ಮುಂದಿನವರ ಕೆಲಸ. ನಾಯಿ ಅಡ್ಡ ಬಂದರೆ ಬಯ್ಯುವುದು ಅವರ ಕೆಲಸ. ಪೆಟ್ರೋಲು ಮುಗಿದರೆ ತಲೆ ಕೆರೆದುಕೊಳ್ಳುವುದೂ ಅವರದೇ. ಹಿಂದೆ ಕೂತವರು ಸೆರಗು ಬಿಗಿ ಹಿಡಿದು, ಯಾರ ಹೊಲದಲ್ಲಿ ಮೆಕ್ಕೆಜೋಳ ಎಷ್ಟೆತ್ತರ ಬಂದಿದೆ, ಯಾರ ಮನೆಗೆ ಹೊಸ ಬಣ್ಣ ಬಂದಿದೆ ಎಂದು ನೋಡಿಕೊಂಡು ಹೋದರಾಯಿತು. ನಾನು ಓದಿದ್ದು ಐದನೇ ಕ್ಲಾಸಿನ ತನಕ. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಕಡಿಮೆ. ಆದರೆ ಹಿಂದಿನ ಸೀಟಿನ ವಿದ್ಯೆಯಲ್ಲಿ ಯಾರಾದರೂ ಪರೀಕ್ಷೆ ಇಟ್ಟಿದ್ದರೆ ತಾಲ್ಲೂಕಿಗೇ ಮೊದಲು ಬರುತ್ತಿದ್ದೆ.

ಮುಂದಿನ ಸೀಟಿನಲ್ಲಿರುತ್ತಿದ್ದವನು ನನ್ನ ತಮ್ಮ ಬಸವರಾಜ. ನನ್ನ ಗಂಡನ ಊರು ಬಿಳಿಚೋಡಿನ ಕಡೆ. ಅವರು ತೀರಿಕೊಂಡ ಮೇಲೆ ತವರಿಗೆ ಬಂದೆ. ಬಂದವಳು ಕೂತು ಉಣ್ಣಬಾರದೆಂದು ನ್ಯಾಮತಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ಕೆಲಸಕ್ಕೆ ಸೇರಿಕೊಂಡೆ. ನಮ್ಮೂರಿಗೆ ಬಸ್ಸಿಲ್ಲ. ಸವಳಂಗದ ತನಕ ಹೋದರೆ ನ್ಯಾಮತಿಗೆ ಏಳೂವರೆ ಬಸ್ಸು ಸಿಗುತ್ತದೆ. ಬೇಗ ಎದ್ದು ನಡೆದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಅಡ್ಡಿ ನಮ್ಮ ಎಮ್ಮೆ. ಅದು ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸುವುದಿಲ್ಲ, ಬೆಳಕು ಹರಿಯದೆ ನನ್ನ ಕೈಗೂ ಇಳಿಸುವುದಿಲ್ಲ. ಹಾಲು ಕರೆದು, ಡಬ್ಬಿ ಕಟ್ಟಿಕೊಂಡು ಹೊರಡುವಷ್ಟರಲ್ಲಿ ನಡೆಯುವ ಹೊತ್ತು ಮೀರಿರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ತಮ್ಮ ತನ್ನ ಕೆಲಸ ಬಿಟ್ಟು ನನ್ನನ್ನು ಸವಳಂಗಕ್ಕೆ ಬಿಟ್ಟು ಬರುತ್ತಿದ್ದ. ಹೀಗೆ ವರ್ಷಗಳು ಹೋದವು. ಅವನು ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೀಗಿರುವಾಗ ನಮ್ಮೂರ ಹಾಲಿನ ಡೈರಿಯಲ್ಲಿ ಹಾಲು ಅಳೆದು ಪರೀಕ್ಷೆ ಮಾಡುವ ಕೆಲಸ ಖಾಲಿಯಾಯಿತು. ಅವರಿವರ ಹೊಲ ಉಳುತ್ತ, ಸಿಕ್ಕ ಕೂಲಿ ಮಾಡುತ್ತ ಬಂದ ತಮ್ಮನಿಗೆ ಕಾಯಂ ಕೆಲಸವೊಂದು ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಡೈರಿಯ ಅಧ್ಯಕ್ಷರು ತಾವೇ ಬಂದು ಕೂತರು. "ಬಸಣ್ಣ, ನೀನೇ ಬರಬೇಕಪ್ಪ. ಒಂದೇ ಮಾತು, ಬೆಳಿಗ್ಗೆ ಹಾಲು ಹಾಕಿಸ್ಕೊಂಡು ಮುಗಿಯೋ ತನಕ ಅಲ್ಲಿಂದ ಅಲ್ಲಾಡಂಗಿಲ್ಲ" ಎಂದರು. ತಮ್ಮ, "ಆಗಾಕಿಲ್ಲ ಬಿಡ್ರಿ. ಆ ಹೊತ್ನಾಗೆ ಅಕ್ಕನ್ನ ಬಿಡಾಕೆ ಹೋಗ್ಬೇಕು" ಎಂದ.

ನಾನು ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಎಲ್ಲವೂ ಕೇಳಿಸಿತು. ಹೊರಗೆ ಬಂದು, "ನನ್ನ ಚಿಂತೆ ಬಿಡೋ, ಹೂಂ ಅನ್ನು" ಎನ್ನಬೇಕಿತ್ತು. ಅನ್ನಲಿಲ್ಲ. ಆ ಬೆಳ್ಳುಳ್ಳಿಯನ್ನು ಅಷ್ಟು ಶ್ರದ್ಧೆಯಿಂದ ನಾನು ಜನ್ಮದಲ್ಲಿ ಸುಲಿದಿರಲಿಲ್ಲ. ಅವತ್ತಿನ ಸಾರಿಗೆ ಬೇಕಾದದ್ದು ನಾಲ್ಕು ಎಸಳು. ನಾನು ಬುಟ್ಟಿಯನ್ನೇ ಖಾಲಿ ಮಾಡಿದ್ದೆ. ಅಧ್ಯಕ್ಷರು, "ತಿಂಗಳ ಕೊನೆ ತನಕ ಕಾಯ್ತೀನಿ, ಯೋಚನೆ ಮಾಡು" ಎಂದು ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ ತಮ್ಮ, "ಸಾರು ಚೆನ್ನಾಗೈತೆ ಅಕ್ಕ, ಬೆಳ್ಳುಳ್ಳಿ ಜಾಸ್ತಿ ಬಿದ್ದೈತೆ" ಎಂದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಅದರ ಮಾರನೆಯ ದಿನವೇ ನನ್ನ ಕಣ್ಣು ಹಿತ್ತಲಲ್ಲಿ ಒರಗಿದ್ದ ಸೈಕಲ್ಲಿನ ಮೇಲೆ ಬಿತ್ತು. ತಮ್ಮನ ಮಗಳು ಶಾಲೆಗೆ ಹೋಗುತ್ತಿದ್ದ ಸೈಕಲ್ಲು. ಅವಳೀಗ ಕಾಲೇಜಿಗೆಂದು ಹೊನ್ನಾಳಿಯಲ್ಲಿದ್ದಾಳೆ. ಅದರ ಹ್ಯಾಂಡಲ್ ಮೇಲೆ ನಾವು ಕೈಒರಸು ಒಣಹಾಕುತ್ತಿದ್ದೆವು. "ಇದನ್ನ ಕಲೀತೀನಿ. ಸವಳಂಗದ ತನಕ ಸೈಕಲ್ಲು, ಅಲ್ಲಿಂದ ಬಸ್ಸು" ಎಂದೆ. ತಮ್ಮ ನಗಲಿಲ್ಲ. ಅವನ ಹೆಂಡತಿ ಮಾತ್ರ ನಗು ತಡೆಯಲು ಎಮ್ಮೆಯ ಹತ್ತಿರ ಹೋದಳು. ಸಂಜೆ ಹೊತ್ತು ಶಾಲೆಯ ಬಯಲಿನಲ್ಲಿ ತಮ್ಮ ಕ್ಯಾರಿಯರ್ ಹಿಡಿದು ಓಡಿದ, ನಾನು ಕಿರುಚಿಕೊಂಡು ತುಳಿದೆ. ಮೊಣಕೈ ತರಚಿತು, ಒಂದು ಸೀರೆ ಚೈನಿಗೆ ಆಹುತಿಯಾಯಿತು. ಆದರೆ ತಿಂಗಳು ಮುಗಿಯುವುದರೊಳಗೆ ಸೈಕಲ್ಲು ನಾನು ಹೇಳಿದ ದಿಕ್ಕಿಗೆ ಹೋಗತೊಡಗಿತು. ತಮ್ಮ ಡೈರಿಗೆ ಸೇರಿದ. ಸೇರುವಾಗ ಒಂದು ಮಾತು ಹೇಳಿದ: "ನೋಡಕ್ಕ, ನಿನಗೆ ಬಸ್ ತಪ್ಪಾಕೆ ಶುರುವಾದ್ರೆ ನಾನು ಡೈರಿ ಬಿಟ್ಟೆ ಅಂತ ತಿಳ್ಕೋ."

ಇಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ಆದರೆ ನನ್ನ ವಿದ್ಯೆಯಲ್ಲಿ ಒಂದು ಕೊರತೆ ಉಳಿದುಕೊಂಡಿತ್ತು. ನನಗೆ ಸೈಕಲ್ ಹೊಡೆಯಲು ಬರುತ್ತಿತ್ತು, ಇಳಿಯಲೂ ಬರುತ್ತಿತ್ತು. ಹತ್ತಲು ಬರುತ್ತಿರಲಿಲ್ಲ. ಹತ್ತಬೇಕಾದರೆ ಕಾಲೂರಲು ಒಂದು ಕಲ್ಲೋ ಕಟ್ಟೆಯೋ ಬೇಕು. ಮನೆ ಮುಂದೆ ಒಗೆಯುವ ಕಲ್ಲಿದೆ, ಅಲ್ಲಿ ಹತ್ತಿ ಹೊರಟರೆ ಸವಳಂಗದ ತನಕ ಇಳಿಯುವ ಕೆಲಸವಿಲ್ಲ ಎಂದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ನಾನು ಅಜ್ಜಂದಿರನ್ನು ಬಿಟ್ಟಿದ್ದೆ.

ನಮ್ಮ ಕಡೆ ಹಿರಿಯರ ಎದುರು ಸೈಕಲ್ ಮೇಲೆ ಕೂತು ಹೋಗುವ ಪದ್ಧತಿಯಿಲ್ಲ. ಇಳಿಯಬೇಕು, ಅವರನ್ನು ದಾಟುವ ತನಕ ತಳ್ಳಿಕೊಂಡು ಹೋಗಬೇಕು. ನಮ್ಮಪ್ಪ ಇದನ್ನು ಊಟದಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದವರು. ಬೈಕಿನವರು ಮಾತ್ರ ಯಾವ ಮಾಯೆಯಿಂದಲೋ ಇದರಿಂದ ಪಾರಾಗಿದ್ದಾರೆ. ತಮ್ಮ ಹಾರ್ನ್ ಹೊಡೆದು ತಲೆಬಾಗಿಸಿದರೆ ಮುಗಿಯುತ್ತಿತ್ತು. ಗಂಡನ ಊರಾಗಿದ್ದರೆ ನಾಲ್ಕು ಜನರಿಗೆ ಇಳಿದು ಮುಗಿಸಬಹುದಿತ್ತೋ ಏನೋ. ಇದು ತವರು. ಇಲ್ಲಿ ಕಾಣುವವರೆಲ್ಲ ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಬೆಳಗಿನ ಆ ಹೊತ್ತಿನಲ್ಲಿ ಅವರೆಲ್ಲ ಬಿಸಿಲು ಕಾಯಿಸಲು ರಸ್ತೆ ಬದಿಗೇ ಬಂದು ಕೂರುವುದು.

ಒಗೆಯುವ ಕಲ್ಲಿನಿಂದ ಹೊರಟರೆ ಬೀದಿಯ ತುದಿಯಲ್ಲೇ ಗುರುಸಿದ್ದಜ್ಜ. ಅಪ್ಪನಿಗಿಂತ ಹಿರಿಯರು. ಜಗುಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಇಳಿಯುತ್ತಿದ್ದೆ.

"ಯಾರು, ಪಾರಿನಾ? ಎಲ್ಲಿಗವ್ವ?"

"ನ್ಯಾಮತಿಗೆ ಅಜ್ಜ."

"ತಿಂಡಿ ಆತಾ?"

"ಆತಜ್ಜ."

ನಿನ್ನೆಯೂ ಅಲ್ಲಿಗೇ ಹೋಗಿದ್ದೆ, ನಾಳೆಯೂ ಅಲ್ಲಿಗೇ ಹೋಗುತ್ತೇನೆ, ಆದರೂ ಇಷ್ಟು ಮಾತು ಆಗಲೇಬೇಕು. ಅಲ್ಲಿಂದ ಹತ್ತಲು ಕಲ್ಲು ಸಿಗುವುದು ಮೋರಿಕಟ್ಟೆಯ ಬಳಿ. ಅಲ್ಲಿಗೆ ತಳ್ಳಿಕೊಂಡು ಹೋಗಿ ಹತ್ತಿದೆ ಎನ್ನುವಷ್ಟರಲ್ಲಿ ಎದುರಿಗೆ ದೊಡ್ಡಪ್ಪ. ಇಳಿಯುತ್ತಿದ್ದೆ. ಮುಂದಿನ ಕಲ್ಲು ಗುಡಿಯ ಹತ್ತಿರ. ಅಲ್ಲಿ ದೇವರೇ ಇರುವಾಗ ಹತ್ತುವುದು ಹೇಗೆ? ಗುಡಿ ದಾಟಿದರೆ ಸೋದರಮಾವ ಎತ್ತು ಹೊಡೆದುಕೊಂಡು ಬರುತ್ತಿರುತ್ತಾರೆ. ಒಟ್ಟಿನಲ್ಲಿ ಸೈಕಲ್ಲಿಗೆ ನನ್ನ ಜೊತೆ ವಾಯುವಿಹಾರವಾಗುತ್ತಿತ್ತೇ ಹೊರತು ನನಗೆ ಸವಾರಿ ಆಗುತ್ತಿರಲಿಲ್ಲ. ಬರಿಗೈಯಲ್ಲಿ ನಡೆದಿದ್ದರೂ ಬೇಗ ಮುಟ್ಟುತ್ತಿದ್ದೆ.

ಸವಳಂಗದಲ್ಲಿ ನಾನು ಸೈಕಲ್ ಬಿಡುವುದು ಪಂಕ್ಚರ್ ಅಂಗಡಿಯ ಬಾಷಾ ಅವರ ಹತ್ತಿರ. ಅವರು ಒಂದು ದಿನ ಟೈರನ್ನು ಮುಟ್ಟಿ ನೋಡಿ, ಆಮೇಲೆ ನನ್ನ ಕಾಲ ಕಡೆ ನೋಡಿ, "ಅಕ್ಕ, ಈ ಸೈಕಲ್ ಟೈರು ಇನ್ನೂ ಹತ್ತು ವರ್ಷ ಬರ್ತೈತೆ. ನಿಮ್ಮ ಚಪ್ಪಲಿ ಮಾತ್ರ ಈ ವಾರ ದಾಟಂಗಿಲ್ಲ" ಎಂದರು. ಏಳೂವರೆ ಬಸ್ಸು ಅಷ್ಟು ಹೊತ್ತಿಗೆ ಹೊಗೆಯನ್ನಷ್ಟೇ ಬಿಟ್ಟು ಹೋಗಿರುತ್ತಿತ್ತು. ಮುಂದಿನ ಬಸ್ಸು ಹಿಡಿದು ಖಾನಾವಳಿಗೆ ಹೋದರೆ ಅದರ ಒಡತಿ ಗಿರಿಜಕ್ಕ ಒಲೆ ಮುಂದೆ ತಾವೇ ಕೂತು ಬೆವರುತ್ತಿರುತ್ತಿದ್ದರು. "ಅಲ್ಲವೇ, ನಿನ್ನ ಹತ್ರ ಗಾಡಿ ಇಲ್ಲದಾಗ ಹೊತ್ತಿಗೆ ಸರಿಯಾಗಿ ಬರ್ತಿದ್ದೆ. ಸೈಕಲ್ ಬಂದ ಮ್ಯಾಲೆ ತಡ ಆಗ್ತೈತಲ್ಲ, ಇದು ಯಾವ ಸೀಮೆ ಸೈಕಲ್ಲೇ?" ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಹಿಟ್ಟು ನಾದುತ್ತಿದ್ದೆ.

ಸಂಜೆ ಮನೆಗೆ ಬಂದರೆ ತಮ್ಮ ಕೇಳುತ್ತಿದ್ದ, "ಬಸ್ ಸಿಕ್ತೇನಕ್ಕ?" ನಾನು, "ಸಿಕ್ತು. ಕೂರಾಕೆ ಸೀಟೂ ಸಿಕ್ತು" ಎನ್ನುತ್ತಿದ್ದೆ. ಎರಡನೆಯ ಬಸ್ಸಿನಲ್ಲಿ ಸೀಟು ಸಿಗುವುದು ನಿಜವಾದ್ದರಿಂದ ಸುಳ್ಳು ಅರ್ಧಕ್ಕೆ ಇಳಿಯಿತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೇಳಿದರೆ ಅವನು ಡೈರಿ ಬಿಡುತ್ತಾನೆ. ಅವನು ಈಗ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ. ಹಾಲಿನ ಗಟ್ಟಿತನದ ಬಗ್ಗೆ ಊಟದ ನಡುವೆ ಪಾಠ ಮಾಡುತ್ತಿದ್ದ. ಆ ಅಂಗಿಯನ್ನು ಅವನ ಮೈಮೇಲಿಂದ ಬಿಚ್ಚಿಸುವವಳು ನಾನಾಗಬೇಕೇ?

ಅಷ್ಟರಲ್ಲಿ ಇನ್ನೊಂದು ನಡೆಯಿತು. ನಾನು ಬರುವ ಹೊತ್ತಿಗೆ ಊರಿನ ಹಿರಿಯರು ಬೆನ್ನು ತಿರುಗಿಸತೊಡಗಿದರು. ಮೊದಲು ದೊಡ್ಡಪ್ಪ, ಬೆಲ್ ಕೇಳಿದೊಡನೆ ಬೇಲಿಯ ಕಡೆ ತಿರುಗಿ ನಿಂತರು. ಸೋದರಮಾವ ಎತ್ತಿನ ಕೊಂಬನ್ನು ಎಂದೂ ನೋಡದವರಂತೆ ನೋಡುತ್ತಿದ್ದರು. ಆದರೂ ನಾನು ಇಳಿಯುತ್ತಿದ್ದೆ. ಗಂಡನಿಲ್ಲದವಳು ಈ ವಯಸ್ಸಿನಲ್ಲಿ ಸೈಕಲ್ ಮೇಲೆ ತಿರುಗುತ್ತಾಳೆಂದು ಇವರಿಗೆ ಮುನಿಸು, ಇನ್ನು ತಮ್ಮನ ಮರ್ಯಾದೆಯನ್ನೂ ನಾನೇ ಕಳೆಯುತ್ತೇನೆ ಎಂದುಕೊಂಡೆ.

ಒಂದು ಬೆಳಿಗ್ಗೆ ಗುರುಸಿದ್ದಜ್ಜ ಕುರ್ಚಿಯನ್ನೇ ಎತ್ತಿ ಗೋಡೆಗೆ ಮುಖ ಮಾಡಿ ಹಾಕಿಕೊಂಡು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಇಳಿದು, ಸೈಕಲ್ ಒರಗಿಸಿ, ಗೋಡೆಗೂ ಅವರಿಗೂ ನಡುವೆ ಹೋಗಿ ನಿಂತೆ. "ಅಜ್ಜ, ನಂದು ತಪ್ಪಿದ್ರೆ ಬಯ್ರಿ. ಹಿಂಗೆ ಗ್ವಾಡೆ ನೋಡ್ಕೊಂಡು ಕೂರಬ್ಯಾಡ್ರಿ."

ಅಜ್ಜ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಇಳಿದ್ಯಾ? ನೀ ಇಳಿಬಾರ್ದು ಅಂತ್ಲೇ ಅಲ್ಲೇನೇ ನಾನು ಗ್ವಾಡೆ ನೋಡ್ತಿರೋದು! ನಾನು ನಿನ್ನ ನೋಡ್ಲಿಲ್ಲ, ನೋಡದೋರ ಮುಂದೆ ಇಳಿಯೋ ಹಂಗಿಲ್ಲ. ನಿನ್ನ ತಮ್ಮ ಡೈರಿಯಾಗೆ ಹಾಲು ಹಾಕಾಕೆ ಬಂದೋರಿಗೆಲ್ಲ ಕೈಮುಗಿದು ಹೇಳ್ಯಾನೆ. ಅಕ್ಕ ಬರೋ ಹೊತ್ತಿಗೆ ಒಂಚೂರು ಅತ್ಲಾಗೆ ತಿರುಗ್ರಿ, ಅವಳಿಗೆ ಬಸ್ ತಪ್ತೈತೆ ಅಂತ. ಊರಿಗೂರೇ ತಿರುಗಿ ಕೂತೈತೆ, ನೀನು ಸುತ್ತಿ ಬಂದು ಎದುರಿಗೇ ನಿಂತ್ಯಲ್ಲ!"

ನಾನು ಬಾಯಿ ತೆರೆದು ನಿಂತೆ. "ನಿಂತ್ಕಬ್ಯಾಡ, ಹೊರಡು" ಎಂದು ಅಜ್ಜ ಗದರಿದರು. "ತಡಿ, ಹತ್ತಾಕೆ ಕಲ್ಲು ಬೇಕಲ್ಲ ನಿನಗೆ. ಈ ಜಗುಲಿ ಮ್ಯಾಲೆ ಕಾಲಿಡು."

"ಚಪ್ಪಲಿ ಕಾಲಾಗಾ ಅಜ್ಜ?"

"ಇಡೇ ಅಂದ್ರೆ! ನಾನು ಗ್ವಾಡೆ ಕಡೆ ತಿರುಗಿದೀನಿ."

ಹಿರಿಯರ ಜಗುಲಿಗೆ ಚಪ್ಪಲಿ ಕಾಲಿಟ್ಟು ಹತ್ತಿದೆ. ಅಲ್ಲಿಂದ ಸವಳಂಗದ ತನಕ ಕಂಡದ್ದು ಬರೀ ಬೆನ್ನುಗಳು. ಟವೆಲು ಹೊದ್ದ ಬೆನ್ನು, ಬನಿಯನ್ನಿನ ಬೆನ್ನು, ಬಾಗಿದ ಬೆನ್ನು. ಎಲ್ಲವನ್ನೂ ದಾಟಿ ತುಳಿದೆ. ಗುಡಿಯ ಮುಂದೆ ಮಾತ್ರ ಹ್ಯಾಂಡಲ್ ಬಿಡದೆ ಮನಸ್ಸಿನಲ್ಲೇ ಕೈಮುಗಿದೆ. ಗಾಳಿ ಕಿವಿಯಲ್ಲಿ ಹಾಡುತ್ತಿತ್ತು. ಏಳೂವರೆ ಬಸ್ಸು ಇನ್ನೂ ಬಂದಿರಲಿಲ್ಲ. ಬಾಷಾ ಗಾಳಿ ಹೊಡೆಯುವ ಪಂಪನ್ನು ಕೆಳಗಿಟ್ಟು, "ಅಕ್ಕ, ಇವತ್ತು ಕೂತ್ಕೊಂಡು ಬಂದ್ರಾ!" ಎಂದರು.

ಸಂಜೆ ತಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. "ನಿನಗೆ ಯಾವಾಗಿಂದ ಗೊತ್ತೋ?" ಎಂದೆ.

"ಮೊದಲ ದಿನದಿಂದ. ಡೈರಿಗೆ ಹಾಲಿಗಿಂತ ಮುಂಚೆ ಸುದ್ದಿ ಬರ್ತೈತೆ ಅಕ್ಕ."

ಊರಿನವರೆಲ್ಲ ದಿನಾ ಬೆಳಿಗ್ಗೆ ಸಾಲು ನಿಂತು ಮಾತಾಡುವುದು ಯಾರ ಮುಂದೆಯೋ, ಅವನೊಬ್ಬನಿಂದ ಗುಟ್ಟು ಮುಚ್ಚಿಟ್ಟಿದ್ದೇನೆಂದು ನಾನು ತಿಳಿದಿದ್ದೆ! "ಬಸ್ ತಪ್ಪಿದ್ರೆ ಡೈರಿ ಬಿಡ್ತೀನಿ ಅಂದಿದ್ಯಲ್ಲ?" ಎಂದೆ. ಅವನು ಅಂಗಿಯ ಗುಂಡಿ ತಿರುವುತ್ತ ನಿಂತ. "ಬಿಡಾಕೆ ಮನಸ್ಸು ಬರ್ಲಿಲ್ಲ ಅಕ್ಕ. ನನಗೂ ಆ ಕೆಲಸ ಬೇಕಿತ್ತು. ನೀನು ಸಿಕ್ತು ಸಿಕ್ತು ಅಂತಿದ್ದೆ, ನಾನೂ ನಂಬಿದಂಗೆ ಇದ್ದೆ." ಇಷ್ಟು ವರ್ಷದಲ್ಲಿ ಅವನು ತನಗೆ ಏನಾದರೂ ಬೇಕೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ಎಲ್ಲ ಸುಸೂತ್ರ. ತಮ್ಮನ ಕೆಲಸ ಗಟ್ಟಿಯಾಗಿದೆ. ಗಿರಿಜಕ್ಕನಿಗೆ ಬಯ್ಯಲು ಬೇರೆ ಕಾರಣ ಹುಡುಕುವ ಕಷ್ಟ ಬಂದಿದೆ. ಹೋದ ಹಬ್ಬಕ್ಕೆ ತಮ್ಮ ತಾನೇ ಆರಿಸಿ ನನಗೊಂದು ಗಿಳಿಹಸಿರು ಸೀರೆ ತಂದ. ಹಬ್ಬದ ಮಾರನೆಯ ಬೆಳಿಗ್ಗೆ ಅದನ್ನೇ ಉಟ್ಟು ಸೈಕಲ್ ಹತ್ತಿದೆ. ತಮ್ಮ ಕೊಡಿಸಿದ ಸೀರೆ, ಊರು ನೋಡಲಿ ಎಂಬ ಆಸೆ. ದೊಡ್ಡಪ್ಪ ಬೇಲಿಯ ಕಡೆ ತಿರುಗಿದ್ದರು. ಸೋದರಮಾವ ಎತ್ತಿನ ಕೊಂಬು ನೋಡುತ್ತಿದ್ದರು. ಅಷ್ಟು ದೂರ ಹೋದರೂ ನೋಡುವ ಒಂದು ಕಣ್ಣಿಲ್ಲ. ಬೆಲ್ ಹೊಡೆದೆ, ಕೆಮ್ಮಿದೆ. ಹೊಡೆದಷ್ಟೂ ಅವರು ಬಿಗಿಯಾಗಿ ತಿರುಗಿಕೊಂಡರು. ಕೊನೆಗೆ ಸೈಕಲ್ ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ಅಜ್ಜನ ಮನೆಗೆ ಹೋಗಿ, ಇಳಿದು, ಗೋಡೆಯ ಮುಂದೆ ನಿಂತೆ.

ಸಂಜೆ ತಮ್ಮ ಬಸ್ಸಿನ ಮಾತೇ ಎತ್ತಲಿಲ್ಲ. "ಸೀರೆ ಚೆನ್ನಾಗೈತೆ ಅಂದ್ರಂತೆ ಅಜ್ಜ?" ಎಂದಷ್ಟೇ ಕೇಳಿದ. ಬಸ್ಸು ಸಿಕ್ಕಿತೆಂದು ನಾನೂ ಹೇಳಲಿಲ್ಲ.