ಹ್ಯಾಂಡಲ್ ತಗ್ಗಿಸಿದ ಮಹಾಲಿಂಗಯ್ಯ

ಮರಳೂರಿನ ಮಹಾಲಿಂಗಯ್ಯನವರ ಬೆನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಗ್ಗಿಲ್ಲ, ಇದಕ್ಕೆ ಇಡೀ ತುಮಕೂರು ಜಿಲ್ಲೆಯೇ ಸಾಕ್ಷಿ ಎಂದು ಸ್ವತಃ ಮಹಾಲಿಂಗಯ್ಯನವರೇ ಹೇಳಿಕೊಂಡು ಬಂದಿದ್ದರು. ಸಿ.ಎಸ್. ಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಮೇಷ್ಟ್ರಾಗಿ “ಎದೆ ಮುಂದೆ, ಬೆನ್ನು ನೆಟ್ಟಗೆ” ಎಂದು ಕೂಗಿ ಕೂಗಿ, ಆ ಪಾಠ ಮಕ್ಕಳಿಗೆ ಹತ್ತದೆ ಅವರಿಗೇ ಹತ್ತಿಬಿಟ್ಟಿತ್ತು. ಚಪ್ಪಲಿ ಹಾಕಿಕೊಳ್ಳುವಾಗ ಕಾಲನ್ನು ಕೈಯವರೆಗೆ ಎತ್ತುತ್ತಿದ್ದರೇ ಹೊರತು ಕೈಯನ್ನು ಕಾಲಿನವರೆಗೆ ಇಳಿಸುತ್ತಿರಲಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುವಾಗ ಗಾರೆ ಕೆಲಸದವನು ತೂಗುಗುಂಡು ಮರೆತು ಬಂದ ದಿನ, ಇವರನ್ನೇ ಮೂಲೆಯಲ್ಲಿ ನಿಲ್ಲಿಸಿಕೊಂಡು ಗೋಡೆ ಎಬ್ಬಿಸಿದನಂತೆ. ಮನೆಯ ಉಳಿದ ಮೂರು ಗೋಡೆಗಳು ವಾಲಿವೆ. ಆ ಒಂದು ಗೋಡೆ ಮಾತ್ರ ಕೂದಲೆಳೆಯಷ್ಟೂ ಅಲುಗಿಲ್ಲ.

ಇಂಥ ಬೆನ್ನಿಗೆ ಗುಬ್ಬಿಯಲ್ಲಿ ಒಬ್ಬ ಎದುರಾಳಿ ಇದ್ದರು. ಹೆಂಡತಿ ಸರ್ವಮಂಗಳಮ್ಮನ ಅಣ್ಣ, ಕೊಬ್ಬರಿ ವ್ಯಾಪಾರದ ಚನ್ನಬಸವಯ್ಯ. ಆರು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ ಇಬ್ಬರೂ ಎದುರುಬದುರಾದಾಗ, ಯಾರು ಯಾರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಎಂಬ ಪ್ರಶ್ನೆ ಎದ್ದಿತ್ತು.

“ಹೆಣ್ಣು ಕೊಟ್ಟೋರು ನಾವು, ಅದರ ಮೇಲೆ ನಾನು ಅವಳಿಗೆ ದೊಡ್ಡಣ್ಣ. ದೊಡ್ಡೋರ ಕಾಲು ಮುಟ್ಟೋದು ಪದ್ಧತಿ” ಎಂದಿದ್ದರು ಚನ್ನಬಸವಯ್ಯ.

“ನಾನು ನಿಮ್ಮ ಮನೆ ಅಳಿಯ. ಮದ್ವೇಲಿ ನನ್ನ ಕಾಲು ತೊಳೆದಿದ್ದು ನಿಮ್ಮ ಮನೇವ್ರು. ತೊಳೆಸ್ಕೊಂಡ ಕಾಲಿನೋನು ಬಗ್ಗೋದುಂಟಾ?” ಎಂದಿದ್ದರು ಮಹಾಲಿಂಗಯ್ಯ.

ವಯಸ್ಸು ನೋಡಿ ತೀರ್ಮಾನಿಸೋಣವೆಂದರೆ ಇಬ್ಬರ ಶಾಲಾ ದಾಖಲೆಯಲ್ಲೂ ಹುಟ್ಟಿದ ದಿನ ಒಂದೇ ವರ್ಷದ ಜೂನ್ ಒಂದು. ಆ ಕಾಲದ ಹೆಡ್‌ಮಾಸ್ಟರುಗಳು ಹೋಬಳಿಯ ಮಕ್ಕಳನ್ನೆಲ್ಲ ಒಂದೇ ದಿನ ಹುಟ್ಟಿಸಿ ಮುಗಿಸಿದ್ದರು. ಹೀಗಾಗಿ ಇಬ್ಬರೂ ಒಬ್ಬರ ಮುಂದೊಬ್ಬರು ನಿಂತೇ ಇದ್ದರು. ಛತ್ರದವರು ಪಾತ್ರೆ ಎಣಿಸಿಕೊಂಡು, ಲೈಟು ಆರಿಸಿದ ಮೇಲೆ ಕತ್ತಲಲ್ಲಿ ಯಾರೂ ಸೋಲದೆ ಚದುರಿದರು. ಅಲ್ಲಿಂದಾಚೆಗೆ ಸರ್ವಮಂಗಳಮ್ಮ ಆರು ವರ್ಷ ಒಬ್ಬರೇ ಬಸ್ಸು ಹತ್ತಿ ತವರಿಗೆ ಹೋಗಿ ಬರುತ್ತಿದ್ದರು.

ಈಗ ಚನ್ನಬಸವಯ್ಯ ಗುಬ್ಬಿಯಲ್ಲಿ ಹೊಸ ಮನೆ ಕಟ್ಟಿದ್ದರು. ಗೃಹಪ್ರವೇಶಕ್ಕೆ ಕರೆಯಲು ತಂಗಿಗೆ ಫೋನು ಬಂತು. “ಭಾವನ್ನೂ ಕರ್ಕೊಂಡ್ ಬಾ. ಬಂದ್ರೆ ಸಂತೋಷ. ಬಗ್ಗಿದ್ರೆ ಇನ್ನೂ ಸಂತೋಷ.”

“ಬರ್ತೀನಿ ಕಣೇ ಮಂಗಳಾ, ಆದ್ರೆ ಬಗ್ಗಲ್ಲ” ಎಂದರು ಮಹಾಲಿಂಗಯ್ಯ. “ಎದೆ ಮಟ್ಟಕ್ಕೆ ಕೈ ಮುಗೀತೀನಿ, ಊಟ ಮಾಡ್ತೀನಿ. ನೆಟ್ಟಗೆ ಹೋಗಿ ನೆಟ್ಟಗೆ ಬರ್ತೀನಿ.”

“ಅಡ್ಡಡ್ಡ ಆದ್ರೂ ಬನ್ನಿ. ಜನ ಪ್ರತಿ ಸಲ ನನ್ನೇ ಕೇಳ್ತಾರೆ, ಯಜಮಾನ್ರಿಗೆ ಹುಷಾರಿಲ್ವಾ ಅಂತ. ಆರು ವರ್ಷದಲ್ಲಿ ನಿಮ್ಗೆ ನಾನು ಹೇಳ್ದೆ ಇರೋ ಕಾಯ್ಲೆ ಇಲ್ಲ.”

ಆದರೆ ಎದುರಾಳಿಯ ಮನೆಗೆ ಬಸ್ಸಿನಲ್ಲಿ ಹೋಗಿ ಇಳಿಯುವುದು ಹೇಗೆ? ಮಹಾಲಿಂಗಯ್ಯನವರ ಹತ್ತಿರ ನಲವತ್ತು ವರ್ಷದ ಒಂದು ಯೆಜ್ಡಿ ಮೋಟಾರ್ ಸೈಕಲ್ ಇತ್ತು. ಅವರ ಫೋನಿನಲ್ಲಿ ಒಂದು ವಿಡಿಯೋ ಇತ್ತು. ಅದರಲ್ಲಿ ಯಾರೋ ಇಂಥದ್ದೇ ಹಳೆಯ ಗಾಡಿಯನ್ನು ‘ಕೆಫೆ ರೇಸರ್’ ಮಾಡಿದ್ದ. ಹ್ಯಾಂಡಲ್ ಕೆಳಕ್ಕೆ, ಕಾಲಿಡುವ ಕಡ್ಡಿ ಹಿಂದಕ್ಕೆ, ಸೀಟು ಒಬ್ಬರಿಗೆ ಮಾತ್ರ. ಇದನ್ನು ಎಪ್ಪತ್ತು ಸಲ ನೋಡಿದ ಮೇಲೆ ಮಹಾಲಿಂಗಯ್ಯ ಗಾಡಿಯನ್ನು ಕ್ಯಾತ್ಸಂದ್ರದ ಮೆಕ್ಯಾನಿಕ್ ಗಂಗರಾಜುವಿನ ಮುಂದೆ ನಿಲ್ಲಿಸಿದರು.

ಗಂಗರಾಜು ವಿಡಿಯೋ ಪೂರ್ತಿ ನೋಡಿ, ಫೋನು ಹಿಂದಕ್ಕೆ ಕೊಟ್ಟ. “ಸಾರ್, ಫೋಟೋದಾಗೆ ಚೆನ್ನಾಗಿರುತ್ತೆ. ಆದ್ರೆ ನೀವು ರೋಡಲ್ಲಿ ಓಡಿಸ್ಬೇಕಲ್ಲ. ಕೂತ್ಕೊಳ್ಳೋ ಕಂಫರ್ಟ್ ಮೊದ್ಲು ನೋಡಣ. ಹ್ಯಾಂಡಲ್ ಒಂದ್ ನಾಲ್ಕಿಂಚು ಮೇಲಿಡಣ, ಸೀಟಿಗೆ ದಪ್ಪ ಫೋಮ್ ಹಾಕ್ಸಿ.”

“ಕಂಫರ್ಟ್ ಬೇಕಾದೋನು ಈಜಿಚೇರ್ ತಗೊಳ್ತಾನೆ ಗಂಗರಾಜು. ವಿಡಿಯೋದಲ್ಲಿರೋ ಹಂಗೇ ಮಾಡು.”

“ಅಷ್ಟ್ ಕೆಳಗಿಟ್ರೆ ಬೆನ್ನು ಬಗ್ಬೇಕಾಗುತ್ತೆ ಸಾರ್.”

ಮಹಾಲಿಂಗಯ್ಯ ಚಾಕ್‌ಪೀಸಿನಿಂದ ಗ್ಯಾರೇಜಿನ ಗೋಡೆಯ ಮೇಲೆ ಒಂದು ಗೆರೆ ಎಳೆದರು. “ಬಗ್ಗೋದು ಬೇರೆ, ಓರೆ ಆಗೋದು ಬೇರೆ. ಈ ಗೆರೆ ಓರೆಯಾಗಿದೆ. ಡೊಂಕಿದೆಯಾ? ಇಲ್ಲ. ನನ್ನ ಬೆನ್ನೂ ಹಂಗೇ. ನೆಟ್ಟಗೇ ಇರುತ್ತೆ, ನೆಲಕ್ಕೆ ಓರೆಯಾಗಿರುತ್ತೆ.”

“ವೆಲ್ಡಿಂಗ್‌ಗೆ ಮುಂಚೆ ಒಂದರ್ಧ ಗಂಟೆ ಸುಮ್ನೆ ಕೂತಾದ್ರೂ ನೋಡಿ.”

ಮಹಾಲಿಂಗಯ್ಯ ಎರಡು ನಿಮಿಷ ಕೂತರು. ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಫೋಟೋಕ್ಕೆ ಹೋಯಿತು. “ಸಿಂಹಾಸನ” ಎಂದು ಇಳಿದರು.

ಸೀಟು ಹೊಲಿಯುವ ಕೆಲಸ ಕುಣಿಗಲ್ಲಿನ ಸಂಗಮೇಶನಿಗೆ ಹೋಯಿತು. ಅವನ ಅಜ್ಜ ರೇಸಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವನೆಂಬ ಸುದ್ದಿಯೇ ಮಹಾಲಿಂಗಯ್ಯನವರಿಗೆ ಸಾಕಾಗಿತ್ತು. ರೇಸಿನ ಗಾಡಿಗೆ ರೇಸಿನ ಮನೆತನದವನೇ ಸರಿ. ಸೀಟಿಲ್ಲದ ಯೆಜ್ಡಿಯನ್ನು ಲಗೇಜ್ ಆಟೊದಲ್ಲಿ ಕುಣಿಗಲ್ಲಿಗೆ ಸಾಗಿಸುವ ದಾರಿಯಲ್ಲಿ, ಮರಳೂರಿನ ಮನೆ ಮುಂದೆ ಆಟೊ ನಿಲ್ಲಿಸಿ ಹೆಂಡತಿಗೆ ತೋರಿಸಿದರು.

ಸರ್ವಮಂಗಳಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದರು. “ನಾನೆಲ್ಲಿ ಕೂತ್ಕೊಳ್ಲಿ?”

“ಇದು ಸಿಂಗಲ್ ಸೀಟ್ ಕಣೇ. ರೇಸ್ ಓಡ್ಸೋರು ಹೆಂಡ್ತಿ ಕೂರಿಸ್ಕೊಂಡು ಹೋಗಲ್ಲ.”

“ಅವ್ರ ಹೆಂಡ್ತೀರು ಪುಣ್ಯ ಮಾಡಿದ್ರು” ಎಂದು ಸರ್ವಮಂಗಳಮ್ಮ ಒಳಗೆ ಹೋಗಿ, ಗುಬ್ಬಿ ಬಸ್ಸಿನ ಟೈಮು ವಿಚಾರಿಸಲು ಫೋನು ಎತ್ತಿಕೊಂಡರು.

ಸಂಗಮೇಶ ನಾಳೆ ನಾಳೆ ಎಂದು ಮೂರು ವಾರ ತಳ್ಳಿ, ಗೃಹಪ್ರವೇಶದ ದಿನ ಬೆಳಿಗ್ಗೆ ಸೀಟು ಕೂರಿಸಿದ. ಮಹಾಲಿಂಗಯ್ಯ ಮೊದಲ ಬಸ್ಸಿಗೆ ಕುಣಿಗಲ್ಲಿನಲ್ಲಿ ಇಳಿದಿದ್ದರು. ಸೀಟನ್ನು ಬೆರಳಲ್ಲಿ ಒತ್ತಿದರು. ಬೆರಳು ಒಳಗೆ ಹೋಗಲಿಲ್ಲ.

“ಸ್ವಲ್ಪ ಗಟ್ಟಿ ಅಲ್ವೇನಯ್ಯಾ?”

“ನಮ್ಮಜ್ಜನ ಕೈಗುಣ ಸಾರ್. ಜೀನು ಹೊಲಿಯೋದು ಅಂದ್ರೆ ಕುದುರೆಗೆ ನೋವಾಗ್ಬಾರ್ದು ಅಂತ. ಮೇಲೆ ಕೂತೋನ ವಿಚಾರ ನಮ್ಮಜ್ಜ ಯಾವತ್ತೂ ಕೇಳ್ದೋನಲ್ಲ.”

ಹೀಗೆ ಆ ಗಾಡಿಯ ಮೊಟ್ಟಮೊದಲ ಓಟ ಕುಣಿಗಲ್ಲಿನಿಂದ ಸಿ.ಎಸ್. ಪುರದ ಮೇಲೆ ಗುಬ್ಬಿಗೆ ಎಂದು ನಿಶ್ಚಯವಾಯಿತು. ತಾವು ಮೂವತ್ತೆರಡು ವರ್ಷ ಮೆರೆದ ಊರು ತಮ್ಮನ್ನು ಈ ಅವತಾರದಲ್ಲಿ ಒಮ್ಮೆ ನೋಡಲಿ ಎಂಬ ಆಸೆ ಅವರಿಗೆ.

ಕುಣಿಗಲ್ ಕೆರೆ ಕಣ್ಣಿಗೆ ಮರೆಯಾಗುವವರೆಗೆ ಮಹಾಲಿಂಗಯ್ಯ ರಾಜಕುಮಾರ. ಆಮೇಲೆ ಮೊದಲು ಎಡಗೈಯ ಕಿರುಬೆರಳು ರಾಜೀನಾಮೆ ಕೊಟ್ಟಿತು. ಅದನ್ನು ನೋಡಿ ಉಳಿದ ಒಂಬತ್ತೂ ಸಾಮೂಹಿಕವಾಗಿ ಕೊಟ್ಟವು. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಕೂತಿತ್ತು. ಹಿಂದಕ್ಕೆ ಸರಿಸಿದ ಕಡ್ಡಿಯ ಮೇಲೆ ಕಾಲಿಟ್ಟಿದ್ದರಿಂದ ಮೊಣಕಾಲು ಹೊಟ್ಟೆಯೊಳಗಿನ ತಿಂಡಿಯನ್ನು ಮುಟ್ಟಿ ಮಾತಾಡಿಸುತ್ತಿತ್ತು. ಕತ್ತೆತ್ತಿದರೆ ಕತ್ತು ನೋವು, ಇಳಿಸಿದರೆ ಮುಂದಿನ ಟೈರು ಬಿಟ್ಟು ಬೇರೇನೂ ಕಾಣದು. ರಸ್ತೆಯ ಹಂಪು ಒಂದೊಂದು ಬಂದಾಗಲೂ ಸಂಗಮೇಶನ ಅಜ್ಜ ನೆನಪಾಗುತ್ತಿದ್ದರು. ಒಂದು ಹಂಪಿನಲ್ಲಂತೂ ಗಾಡಿ ಇಳಿದ ಮೇಲೆ ತಾವು ಇಳಿಯುವಷ್ಟರಲ್ಲಿ ಸುತ್ತಲಿನ ಮೂರು ಊರಿನ ಕಳಸ ನೋಡಿಬಂದರು.

ಸಿ.ಎಸ್. ಪುರದ ಸರ್ಕಲ್ಲಿನಲ್ಲಿ ಟೀ ಕುಡಿಯಲು ಇಳಿದರು. ಇಳಿದದ್ದು ಸೊಂಟದ ಕೆಳಗಿನ ಭಾಗ ಮಾತ್ರ. ಮೇಲಿನ ಭಾಗ ಗಾಡಿಯ ಮೇಲಿದ್ದಂತೆಯೇ ಇತ್ತು. ಮುಖ ನೆಲಕ್ಕೆ, ಎರಡು ಕೈ ಮುಂದಕ್ಕೆ, ಬೆರಳು ಏನನ್ನೋ ಹಿಡಿದಂತೆ.

ಹೂವು ಮಾರುವ ಚಿಕ್ಕಮಾರಮ್ಮ ಬುಟ್ಟಿ ಬಿಟ್ಟು ಎದ್ದು ಬಂದಳು. “ಏನ್ ಕಳ್ಕೊಂಡ್ರಿ ಮೇಷ್ಟ್ರೇ?”

“ಏನೂ ಇಲ್ಲ.”

“ಮತ್ತೆ ಹಿಂಗ್ ಬಗ್ಗಿ ಹುಡುಕ್ತಾ ಇದೀರಲ್ಲ. ಉಂಗ್ರನಾ?”

“ಇಲ್ಲಮ್ಮಾ, ಬುಡು.”

“ಪಾಪ, ಮನೇಲಿ ಬೈತಾರೆ ಅಂತ ಹೇಳ್ಕೋತಾ ಇಲ್ಲ” ಎಂದು ಚಿಕ್ಕಮಾರಮ್ಮ ತಾನೂ ಬಗ್ಗಿ ಹುಡುಕತೊಡಗಿದಳು. ಅವಳನ್ನು ನೋಡಿ ನಾಲ್ವರು ಬಗ್ಗಿದರು. ಕಾಲು ಗಂಟೆಯಲ್ಲಿ ಅರ್ಧ ಸಿ.ಎಸ್. ಪುರ ಬಗ್ಗಿತ್ತು. ಮೂವತ್ತೆರಡು ವರ್ಷ ಅವರು ನೆಟ್ಟಗೆ ನಿಲ್ಲಿಸಲು ಹೆಣಗಿದ್ದ ಊರು ಅದು. ಯಾರಿಗೋ ಹಳೆಯ ಕಾಲುಂಗುರ ಸಿಕ್ಕಿತು, ಇನ್ನಾರಿಗೋ ಹೋದ ವರ್ಷ ಕಳೆದ ಬೀಗದ ಕೈ. ಮೇಷ್ಟ್ರಿಗೆ ಸಿಗಬೇಕಾದ ಬೆನ್ನು ಮಾತ್ರ ಸಿಗಲಿಲ್ಲ.

ಹಿಂದಿರುಗೋಣವೆಂದರೆ, ಹೆದರಿ ಬರಲಿಲ್ಲ ಎಂದು ಚನ್ನಬಸವಯ್ಯ ಗುಬ್ಬಿಯ ತುಂಬ ಡಂಗುರ ಸಾರಿಸುತ್ತಾರೆ. ಮುಂದೆ ಹೋಗೋಣವೆಂದರೆ ಈ ಆಕಾರ. ದಾರಿಯಲ್ಲಿ ಬೆನ್ನು ಬಿಟ್ಟುಕೊಂಡೀತು ಎಂದುಕೊಂಡು ಮತ್ತೆ ಗಾಡಿ ಹತ್ತಿದರು. ಹತ್ತುವುದು ಸುಲಭವಾಯಿತು. ಆ ಭಂಗಿಗೆ ಒಪ್ಪುವ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು.

ಗುಬ್ಬಿಯಲ್ಲಿ ಬೀದಿಯ ತುದಿಗೇ ಗಾಡಿ ನಿಲ್ಲಿಸಿ, ಲೈಟು ಕಂಬ ಹಿಡಿದು ಮೇಲೇಳಲು ನೋಡಿದರು. ಕಂಬ ಸ್ವಲ್ಪ ಇವರ ಕಡೆಗೆ ವಾಲಿತು. ಬೆನ್ನು ಅಲುಗಲಿಲ್ಲ. ಕೊನೆಗೆ, ಹಿಂಬಾಗಿಲಿನಿಂದ ನುಸುಳಿ ಎಲ್ಲಾದರೂ ಗೋಡೆಗೆ ಒರಗಿಬಿಡೋಣ ಎಂದು ಶಾಮಿಯಾನದ ಕಡೆ ನಡೆದರು. ನೆಲವೊಂದೇ ಕಾಣುತ್ತಿದ್ದುದರಿಂದ ರಂಗೋಲಿ ಕಂಡಿತು, ಆಮೇಲೆ ಹೊಸ ಹೊಸ್ತಿಲು ಕಂಡಿತು. ಇದು ಹಿಂಬಾಗಿಲಲ್ಲ ಎಂದು ಹೊಳೆಯುವಷ್ಟರಲ್ಲಿ ಮುಂದೆ ಎರಡು ಪಾದ ಕಂಡವು. ಅಂಚಿನ ಪಂಚೆಯ ಕೆಳಗಿನ ಆ ಪಾದಗಳನ್ನು ಆರು ವರ್ಷದ ಹಿಂದೆ ಛತ್ರದ ಲೈಟು ಆರುವವರೆಗೆ ನೋಡಿ ನಿಂತಿದ್ದರಿಂದ ಗುರುತು ಸಿಕ್ಕಿತು.

ಮಹಾಲಿಂಗಯ್ಯ ನಿಲ್ಲಲು ಹೋದರು. ಮರಗಟ್ಟಿದ ಕಾಲು ಎಡವಿತು. ಮುಂದಕ್ಕೆ ಚಾಚಿದ್ದ ಎರಡೂ ಕೈ ನೇರವಾಗಿ ಹೋಗಿ ಚನ್ನಬಸವಯ್ಯನವರ ಎರಡೂ ಪಾದಗಳನ್ನು ಹ್ಯಾಂಡಲ್ ಹಿಡಿದಂತೆ ಹಿಡಿದುಕೊಂಡವು.

ಶಾಮಿಯಾನದ ಕೆಳಗೆ ಇನ್ನೂರು ಜನ ಎದ್ದು ನಿಂತು ನೋಡಿದರು. ಅಡಿಗೆಯವರು ಸಾರಿನ ಸೌಟು ಹಿಡಿದೇ ಹೊರಗೆ ಬಂದರು.

“ಏಳಿ ಭಾವ” ಎಂದರು ಚನ್ನಬಸವಯ್ಯ.

ಮಹಾಲಿಂಗಯ್ಯ ಏಳಲಿಲ್ಲ.

“ಸಾಕು ಏಳಿ ಭಾವ, ಜನ ನೋಡ್ತಾವ್ರೆ.”

ಏಳಲಿಲ್ಲ. ಚನ್ನಬಸವಯ್ಯ ಭುಜ ಹಿಡಿದು ಎತ್ತಲು ಹೋದಾಗ ಬೆನ್ನೊಳಗೆ ಏನೋ ಲಟಕ್ಕೆಂದು, ಮಹಾಲಿಂಗಯ್ಯನವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಹೆಂಗಸರ ಕಣ್ಣಲ್ಲೂ ಬಂತು.

“ಭಾವ, ಇದು ನಮಸ್ಕಾರ ಅಲ್ಲ. ಗಾಡಿ ದೆಸೆಯಿಂದ...” ಎಂದು ಮಹಾಲಿಂಗಯ್ಯ ನೆಲಕ್ಕೆ ಹೇಳಿದರು.

“ಗಾಡಿ ಮಾತೂ ಬಿಟ್ಬಿಡಿ ಭಾವ. ಅವತ್ತು ನಿಮ್ ಹಿಂದೆ ನಿಮ್ಮ ಗಾಡೀನ ಡಬ್ಬ ಅಂದಿದ್ದು ನಾನೇ. ಅದೂ ನಿಮ್ಗೆ ಗೊತ್ತಾಗಿದ್ಯಲ್ಲ, ತಪ್ಪಾಯ್ತು.”

ಇದು ಮಹಾಲಿಂಗಯ್ಯನವರಿಗೆ ಗೊತ್ತಿರಲಿಲ್ಲ. ಸಿಟ್ಟಿನಿಂದ ಸೆಟೆದು ನಿಲ್ಲಬೇಕೆನಿಸಿತು. ನಿಲ್ಲುವ ಭಾಗ ಒಪ್ಪಲಿಲ್ಲ. ಅಷ್ಟರಲ್ಲಿ, ವಿನಯದಲ್ಲೂ ಸೋಲಬಾರದೆಂದು ಚನ್ನಬಸವಯ್ಯ ತಾವೇ ಬಗ್ಗಿ ಅಳಿಯನ ಕಾಲು ಮುಟ್ಟಿದರು. ಹೊಸ ಮನೆಯ ಹೊಸ್ತಿಲಲ್ಲಿ ಇಬ್ಬರ ತಲೆಯೂ ಕಾಯಿ ಒಡೆದಂತೆ ತಾಗಿದವು. ಶುಭಶಕುನ ಎಂದರು ಯಾರೋ.

ಬಸ್ಸಿನಲ್ಲಿ ಒಂದು ಗಂಟೆ ಮುಂಚೆಯೇ ಬಂದು ಕಾಫಿ ಕುಡಿದು ಮುಗಿಸಿದ್ದ ಸರ್ವಮಂಗಳಮ್ಮನ ಸೀರೆಯ ಅಂಚು ಪಕ್ಕದಲ್ಲಿ ಕಂಡಿತು.

“ಮಂಗಳಾ, ಬೆನ್ನು ಹಿಡ್ಕೊಂಡಿದೆ ಕಣೇ. ನಿಮ್ಮಣ್ಣಂಗೆ ನಿಜ ಹೇಳು.”

ಸರ್ವಮಂಗಳಮ್ಮ ಅವರ ಕಿವಿಯ ಬಳಿ ಬಗ್ಗಿದರು. “ಏನಂತ ಹೇಳ್ಲಿ? ನಮ್ಮೆಜಮಾನ್ರು ರೇಸ್ ಗಾಡಿ ಮಾಡ್ಸಿ, ಅದ್ರ ಮೇಲೆ ಒಂದ್ಸಲ ಕೂತು ಹಿಂಗಾದ್ರು ಅಂತ ಇನ್ನೂರು ಜನದ ಮುಂದೆ ಹೇಳ್ಲಾ? ಅಥವಾ ದೊಡ್ಡ ಮನಸ್ಸು ಮಾಡಿ ಬಗ್ಗಿದ್ರು ಅಂತಾನೇ ಇರ್ಲಾ?”

ಮಹಾಲಿಂಗಯ್ಯ ಹೊಸ್ತಿಲನ್ನು ನೋಡಿದರು. ನೋಡಲು ಬೇರೇನೂ ಇರಲಿಲ್ಲ.

“ದೊಡ್ಡ ಮನಸ್ಸೇ ಇರ್ಲಿ” ಎಂದರು.

ಅವತ್ತು ದೊಡ್ಡ ಮನಸ್ಸಿಗೆ ಕೊನೆಯೇ ಇರಲಿಲ್ಲ. ಊಟದ ಎಲೆಯವರೆಗೆ ಹೋಗುವ ದಾರಿಯಲ್ಲಿ ಫೋಟೋ ತೆಗೆಯುವವನಿಗೂ, ನೀರು ಬಡಿಸುವವನಿಗೂ, ಎರಡು ವರ್ಷದ ಒಂದು ಮಗುವಿಗೂ ಅವರು ಬಗ್ಗಿದ್ದನ್ನು ಗುಬ್ಬಿಯ ಜನ ಕಂಡರು. ಎಲೆಯ ಮುಂದೆ ಕೂತಾಗ ಮಾತ್ರ ಬಾಯಿಗೂ ಎಲೆಗೂ ಅಂತರ ಒಂದು ಗೇಣಾಗಿ, ಹೋಳಿಗೆಗೆ ಪ್ರಯಾಣವೇ ಉಳಿಯಲಿಲ್ಲ. ಸಂಜೆ ಚನ್ನಬಸವಯ್ಯ ತಮ್ಮ ಕಾರಿನಲ್ಲೇ ತಂಗಿಯನ್ನೂ ಭಾವನನ್ನೂ ಮರಳೂರಿಗೆ ಬಿಟ್ಟರು. ಯೆಜ್ಡಿ ಹಿಂದೆ ಲಗೇಜ್ ಆಟೊದಲ್ಲಿ ಬಂತು, ಮಲಗಿಕೊಂಡು, ಆರಾಮಾಗಿ.

ನಾಲ್ಕು ದಿನ ಎಣ್ಣೆ, ಬಿಸಿನೀರು, ಉಪ್ಪಿನ ಶಾಖ ಆದ ಮೇಲೆ ಮಹಾಲಿಂಗಯ್ಯನವರಿಗೆ ಗೋಡೆಯ ಕ್ಯಾಲೆಂಡರ್ ಕಾಣತೊಡಗಿತು. ಐದನೆಯ ದಿನ ಗಂಗರಾಜುವನ್ನು ಮನೆಗೇ ಕರೆಸಿದರು.

“ನೀನು ಹೇಳಿದ್ದೇ ಸರಿ ಕಣಯ್ಯ. ಹಳೇ ಹ್ಯಾಂಡಲ್ ಹಾಕ್ಬಿಡು. ಸೀಟೂ ಬದಲಾಯಿಸು.”

ಗಂಗರಾಜು ಸ್ಪ್ಯಾನರ್ ತೆಗೆದ. ನಡುಮನೆಯಿಂದ ಸರ್ವಮಂಗಳಮ್ಮ ಬಂದು ಬಾಗಿಲಲ್ಲಿ ನಿಂತರು.

“ಗಂಗರಾಜು, ಅದಕ್ಕೆ ಕೈ ಹಾಕ್ಬೇಡಪ್ಪ.”

“ಯಾಕಮ್ಮಾ? ಸಾರ್‌ಗೆ ಇದ್ರಲ್ಲಿ ಕಂಫರ್ಟ್ ಇಲ್ವಲ್ಲ.”

“ಅವ್ರಿಗಿಲ್ಲ, ನನಗಿದೆ. ಕುಣಿಗಲ್ ಚಿಕ್ಕಪ್ಪನ ಮನೆ, ಕ್ಯಾತ್ಸಂದ್ರದಲ್ಲಿ ಇವ್ರ ಸ್ವಂತ ಅಕ್ಕನ ಮನೆ, ಇನ್ನು ತುರುವೇಕೆರೆಯೋರು. ಇವ್ರು ಮಾತು ಬಿಟ್ಟಿರೋ ಮನೆ ಇನ್ನೂ ಮೂರಿದಾವೆ. ಅಷ್ಟೂ ಕಡೆ ಒಂದೊಂದ್ಸಲ ಇದ್ರ ಮೇಲೇ ಹೋಗಿ ಬಂದ್ಬಿಡ್ಲಿ, ಆಮೇಲೆ ಎತ್ತರಿಸೋಣ.”