ಸರ್ಕಾರದ ಹಾಲು ಕುಡಿದ ಗುಂಡುಮಕ್ಕಳು

ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತವರು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ಮುಂಬಯಿಯ ಕುರ್ಲಾದ ಒಂದು ಚಾಳಿನ ಭಜನೆ ಕೋಣೆಯಲ್ಲಿ ಸರ್ಕಾರದ ಗ್ರಾಂಟಿನಿಂದ ಬಾಲವಾಡಿಯೊಂದು ನಡೆಯುತ್ತಿತ್ತು. ಉಡುಪಿ ಕಡೆಯವಳಾದ ನಾನು ಅಲ್ಲಿ ಟೀಚರ್. ಮಕ್ಕಳೆಲ್ಲ ಬಿಜಾಪುರದ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಹೋಗುವವರ ಮಕ್ಕಳು. ನನಗೆ ಸಹಾಯಕ್ಕಿದ್ದವಳು ಅದೇ ಸೀಮೆಯ ಒಬ್ಬ ಮುದುಕಿ; ಎಲ್ಲರ ಬಾಯಲ್ಲೂ ಆಯಿ. ಈಗಲೂ ಲೋಕಲ್ ರೈಲು ಕುರ್ಲಾದಲ್ಲಿ ನಿಂತರೆ ಆ ಕೋಣೆ ನೆನಪಾಗುತ್ತದೆ.

ಹಾಲಿನ ಬಣ್ಣ

ಸರ್ಕಾರದಿಂದ ಹಾಲಿನ ಪುಡಿ ಬರುತ್ತಿತ್ತು. ಹುಟ್ಟಿದಾರಭ್ಯ ಚಹಾ ಕುಡಿದ ಮಕ್ಕಳು ಬಿಳಿ ಹಾಲು ಕಂಡು ಮೂಗು ಮುರಿದವು. ನಾನು ಹಾಡಿದೆ, ಕುಣಿದೆ, ಗದರಿದೆ. ಯಾರೂ ಲೋಟ ಮುಟ್ಟಲಿಲ್ಲ. ಮರುದಿನ ನೋಡಿದರೆ ಎಲ್ಲರೂ ಗಟಗಟನೆ ಕುಡಿಯುತ್ತಿದ್ದಾರೆ! ಆಯಿ ಹಾಲಿಗೆ ಚೂರು ಚಹಾ ಬಿಟ್ಟಿದ್ದಳು.

"ಸರ್ಕಾರದ ಹಾಲಿಗೆ ಹೀಗೆ ಮಾಡಬಹುದಾ?" ಎಂದು ರೇಗಿದೆ.

"ಹಾಲು ಸರಕಾರದ್ದೇ ಐತ್ರಿ ಅಕ್ಕೋರ, ಬಣ್ಣ ಅಷ್ಟ ನಂದು."

ತೂಕದ ದಿನ

ಹಾಲು ಮಕ್ಕಳ ಮೈಗೆ ಹತ್ತಿದೆಯೋ ಇಲ್ಲವೋ ಎಂದು ತೂಗಿ ನೋಡಲು ಇನ್‌ಸ್ಪೆಕ್ಟರ್ ಬಾಯಿ ಬರುತ್ತಾರೆಂದು ಸುದ್ದಿ ಬಂತು. ಅಲ್ಲಿ ಮೇಡಂಗಳನ್ನೆಲ್ಲ ಬಾಯಿ ಎನ್ನುವುದೇ ರೂಢಿ. ಹತ್ತಿಲ್ಲವೆಂದರೆ ಗ್ರಾಂಟ್ ಬಂದ್. ಬಾಲವಾಡಿ ಮುಚ್ಚಿದರೆ ಕೂಸುಗಳು ಮತ್ತೆ ಬಿಸಿಲಲ್ಲಿ, ಮರಳಿನ ಗುಡ್ಡೆಯ ಮೇಲೆ. ನನಗೆ ನಿದ್ದೆ ಹತ್ತಲಿಲ್ಲ.

ಆ ಬೆಳಿಗ್ಗೆ ಬಂದವರು ಊರಿಂದ ಈಚೆಗಷ್ಟೇ ಬಂದಿದ್ದ ಬಡಕಲು ಮಕ್ಕಳು ಮಾತ್ರ. ನಮ್ಮ ಹಾಲು ಕುಡಿದು ದುಂಡಗಾದ ಒಬ್ಬನೂ ಇಲ್ಲ! ಅವರ ಮನೆಗಳತ್ತ ಓಡಿದೆ. ಒಬ್ಬ ತಾಯಿ ಕೂಲಿ ಬಿಟ್ಟು ಬಾಗಿಲಿಗೆ ಅಡ್ಡ ಕೂತಿದ್ದಳು. ಮಗ ಮಂಚದ ಕೆಳಗೆ.

"ಮೈ ತುಂಬಿದ ಹುಡುಗ್ರಿ. ಹೊರಗಿನವ್ರು ತಕ್ಕಡ್ಯಾಗ ಕುಂಡ್ರಿಸಿ ನೋಡಿದ್ರ ದೃಷ್ಟಿ ಆಗಂಗಿಲ್ಲೇನ್ರಿ?"

"ಮತ್ತೆ ಆ ಬಡಕಲು ಮಕ್ಕಳನ್ನು ಕಳಿಸಿದ್ದೀರಲ್ಲ?"

"ಅವಕ್ಕ ಯಾರ ದೃಷ್ಟಿ ಆಗತೈತ್ರಿ?"

ಇನ್‌ಸ್ಪೆಕ್ಟರ್ ಬಾಯಿ

ಅವರು ಬಂದರು, ಬೆವರು ಸುರಿಸಿಕೊಂಡು, ಕಂಕುಳಲ್ಲಿ ಅಳುವ ಮಗಳನ್ನು ಎತ್ತಿಕೊಂಡು. ನೋಡಿಕೊಳ್ಳುವ ಹೆಂಗಸು ಕೈಕೊಟ್ಟಿದ್ದಳಂತೆ. ಆಯಿ ಆ ಮಗುವನ್ನು ಎತ್ತಿಕೊಂಡು ತನ್ನ ಬಣ್ಣದ ಹಾಲು ಕುಡಿಸಿ, ಸೀರೆಯ ಜೋಲಿಯಲ್ಲಿ ಮಲಗಿಸಿದಳು.

"ಸರ್ಕಾರದ ಹಾಲೆಲ್ಲ ಎಲ್ಲಿಗೆ ಹೋಯಿತು?" ಬಾಯಿ ಬಡಕಲು ಮಕ್ಕಳನ್ನು ನೋಡಿ ಹಿಂದಿಯಲ್ಲಿ ಕೇಳಿದರು. ಬೇರೆ ದಾರಿ ಕಾಣದೆ ನಿಜ ಹೇಳಿಬಿಟ್ಟೆ. ಅವರು ಕೆಂಡವಾದರು. ತಾಯಂದಿರನ್ನು ಮಕ್ಕಳ ಸಮೇತ ಕರೆಸಿ, ದೃಷ್ಟಿ ಎಂಬುದೆಲ್ಲ ಮೂಢನಂಬಿಕೆ ಎಂದು ಉದ್ದ ಭಾಷಣ ಬಿಗಿದರು. ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಇನ್ನಷ್ಟು ಬಚ್ಚಿಟ್ಟುಕೊಂಡರು. ಗ್ರಾಂಟ್ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಆಯಿ ಜೋಲಿಯಿಂದ ಬಾಯಿಯ ಮಗಳನ್ನು ಎತ್ತಿ ತಂದಳು. ಕೆನ್ನೆ ಉಬ್ಬಿದ ಚೆಂದದ ಕೂಸು. "ಬಾಯಿ, ಪೈಲೇ ಇಸ್ಕೋ ತೋಲೋ!" ಎಂದಳು. ಮೊದಲು ಇದನ್ನೇ ತೂಗಿದರೆ ಉಳಿದವರಿಗೆ ಧೈರ್ಯ ಬರುತ್ತದೆ ಎಂಬುದು ಅವಳ ಲೆಕ್ಕ.

ಬಾಯಿ ಗಬಕ್ಕನೆ ಮಗಳನ್ನು ಕಸಿದುಕೊಂಡು ಸೆರಗು ಮುಚ್ಚಿದರು. "ಇಷ್ಟು ಜನರ ಎದುರಿಗಾ? ಬೇಡ, ಬೇಡ!"

ಆಮೇಲೆ ಎಲ್ಲರಿಗಿಂತ ಮೊದಲು ಜೋರಾಗಿ ನಕ್ಕವರು ಬಾಯಿಯೇ. ತಾವೇ ಎದ್ದು ಬಾಗಿಲು ಹಾಕಿದರು. ಆಯಿ ಕಾಡಿಗೆ ಡಬ್ಬಿ ತೆಗೆದು ಒಂದೊಂದೇ ಕೆನ್ನೆಗೆ ಬೊಟ್ಟಿಟ್ಟಳು. ಗುಂಡುಮಕ್ಕಳು ತಕ್ಕಡಿ ಏರಿದರು. ಗ್ರಾಂಟ್ ಉಳಿಯಿತು.

ಹೊರಡುವಾಗ ಬಾಯಿ ಮಗಳ ಮುಖವನ್ನು ಆಯಿಯ ಮುಂದೆ ಹಿಡಿದು ಮೆಲ್ಲಗೆ ಹೇಳಿದರು: "ನನ್ನವಳಿಗೆ ಸ್ವಲ್ಪ ದೊಡ್ಡದಾಗಿಯೇ ಇಡಿ."