ನಮ್ಮ ಮನೆಯ ಪರಿಮಳ

ಹೋದ ವರ್ಷ ಹೆಂಡತಿಯ ಹುಟ್ಟುಹಬ್ಬಕ್ಕೆ ಅಶ್ವತ್ಥ ರೈಸ್ ಕುಕ್ಕರ್ ತಂದುಕೊಟ್ಟದ್ದೇ ಇಷ್ಟಕ್ಕೆಲ್ಲ ಮೂಲ. ಅದೂ ಎಂಥ ಕುಕ್ಕರು! ಅನ್ನವಾದ ಮೇಲೆ ಹಾಡು ಬೇರೆ ಹಾಡುತ್ತಿತ್ತು. ಸಾವಿತ್ರಿ ಕುಣಿದಾಡುತ್ತಾಳೆಂದು ಅವನು ಕಾದು ಕುಳಿತಿದ್ದ. ಅವಳು ಕುಣಿಯಲಿಲ್ಲ; ಜಪಾನಿನ ಗ್ಯೋಟೋಕುವಿನಲ್ಲಿ ತಾವಿದ್ದ ಕಟ್ಟಡದ ಕನ್ನಡದ ಸಂಸಾರಗಳಿಗೆಲ್ಲ ಸುದ್ದಿ ಮುಟ್ಟಿಸಿದಳು. ಈ ವರ್ಷ ಹುಟ್ಟುಹಬ್ಬದ ಬೆಳಿಗ್ಗೆ ಅವನು ಬೂಟು ಹಾಕುತ್ತಿರುವಾಗಲೇ ಬಂದು ಎದುರು ನಿಂತಳು.

"ರೀ, ಸಂಜೆ ನಮ್ಮ ಬಿಲ್ಡಿಂಗಿನ ಕಿಶೋರ್, ಶರಣ್ಯಾ ಎಲ್ಲಾ ಕೇಕ್ ಕಟಿಂಗ್‌ಗೆ ಬರ್ತಿದಾರೆ. ಅವರೆದುರಿಗೆ ಪ್ಲಗ್ ಇರೋದೇನಾದ್ರೂ ತಂದಿಟ್ರೆ ನನ್ನ ಮಾನ ಹೋಗುತ್ತೆ, ಅಷ್ಟೇ."

"ನನ್ನನ್ನೇನು ಅಷ್ಟು ದಡ್ಡ ಅಂದ್ಕೊಂಡ್ಯಾ? ಈ ಸಲ ನೋಡ್ತಿರು, ಇಡೀ ಬಿಲ್ಡಿಂಗ್ ಮಾತಾಡ್ಬೇಕು" ಎಂದು ಅಶ್ವತ್ಥ ಎದೆಯುಬ್ಬಿಸಿ ಹೊರಟ.

ಅವನ ಧೈರ್ಯಕ್ಕೆ ಕಾರಣವಿತ್ತು. ಅವನಿಗೆ ತನ್ನ ಮೂಗಿನ ಮೇಲೆ ಅಪಾರ ನಂಬಿಕೆ. ಲಿಫ್ಟಿನಲ್ಲಿ ನಿಂತೇ ಯಾವ ಮನೆಯಲ್ಲಿ ಯಾವ ಸಾರು, ಒಗ್ಗರಣೆಗೆ ಇಂಗು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುತ್ತಿದ್ದ. ಅಂಥ ಮೂಗಿರುವ ಗಂಡ ಹೆಂಡತಿಗೆ ಸೆಂಟು ಕೊಡದೆ ಇನ್ನೇನು ಕೊಡಬೇಕು? ಕಾವಾಸಾಕಿಯಲ್ಲಿ ಅವನ ಆಫೀಸಿನ ಹಿಂದಿನ ಗಲ್ಲಿಯಲ್ಲೇ ಮಿಜುಶಿಮಾ-ಸಾನ್ ಎಂಬ ಹುಡುಗಿಯೊಬ್ಬಳು ಪುಟ್ಟ ಅಂಗಡಿ ಇಟ್ಟಿದ್ದಳು. ದೊಡ್ಡ ಕಂಪನಿಯ ಮಾಲೇನಲ್ಲ. ಹೂವಿನ ಪರಿಮಳಗಳನ್ನು ತಾನೇ ಕೂತು ಬೆರೆಸಿ, ತಾನೇ ಸೀಸೆಗೆ ತುಂಬಿ ಮಾರುತ್ತಿದ್ದಳು.

ಊಟದ ಬಿಡುವಿನಲ್ಲಿ ಅಶ್ವತ್ಥ ಅಲ್ಲಿಗೆ ನುಗ್ಗಿದ. ಮಿಜುಶಿಮಾ-ಸಾನ್ ತಲೆಬಾಗಿ, ಕಾಗದದ ಕಡ್ಡಿಯೊಂದನ್ನು ಸೆಂಟಿನಲ್ಲಿ ಅದ್ದಿ ಕೊಟ್ಟಳು. "ಒಂದು ಸಲಕ್ಕೆ ಮೂರು ಸಾಕು. ಆಮೇಲೆ ಮೂಗು ದಣಿಯುತ್ತದೆ" ಎಂದು ಮೆಲ್ಲಗೆ ತಿಳಿಸಿದಳು.

ಮೂರು! ಅಶ್ವತ್ಥನಿಗೆ ನಗು ಬಂತು. ಚಿಕ್ಕಪೇಟೆಯಲ್ಲಿ ಒಂದು ಸೀರೆ ಕೊಳ್ಳಲು ಅಂಗಡಿಯ ಕಪಾಟನ್ನೇ ನೆಲಕ್ಕಿಳಿಸಿ, ಕಡೆಗೆ ಮೊದಲು ತೋರಿಸಿದ್ದನ್ನೇ ಕೊಳ್ಳುವ ವಂಶದವನು ಅವನು. "ಅದಲ್ಲ, ಆ ಮೇಲಿಂದು ತೋರ್ಸಿ. ಅದರ ಪಕ್ಕದ್ದೂ ಇಳಿಸಿ" ಎಂದು ಬೆರಳು ತೋರಿಸುತ್ತಲೇ ಹೋದ.

ಪ್ಲಮ್ ಹೂವು ಮೃದುವಾಗಿತ್ತು, ಆದರೆ ಮಾತೇ ಆಡದ ಸೊಸೆಯ ಹಾಗೆ. ಸುಗಂಧರಾಜ ಮೂಸಿದೊಡನೆ ಮದುವೆಯ ರಿಸೆಪ್ಷನ್ನಿನ ಸಾಲಿನಲ್ಲಿ ನಿಂತಂತಾಗಿ ಹಸಿವಾಯಿತು. ಮಲ್ಲಿಗೆ ಚೆನ್ನಾಗಿಯೇ ಇತ್ತು. ಆದರೆ ಸಾವಿತ್ರಿ ಮೈಸೂರಿನವಳು, ಮಲ್ಲಿಗೆಯ ವಿಷಯದಲ್ಲಿ ಅವಳನ್ನು ಒಪ್ಪಿಸುವುದು ದೇವರಿಂದಲೂ ಆಗದು. ಕಾಗದದ ಕಡ್ಡಿಗಳು ಕಲೆಸಿಹೋದಾಗ ಅವನು ಅಂಗಿಯ ತೋಳು ಮಡಿಸಿದ. ಮಣಿಕಟ್ಟಿಗೆ ತಾವರೆ, ಅದರ ಮೇಲೆ ಸಂಪಿಗೆ, ಮೊಣಕೈಗೆ ನೇರಳೆ ಬಣ್ಣದ ಯಾವುದೋ ಬಳ್ಳಿಯ ಹೂವು. ಎರಡು ತೋಳೂ ತುಂಬಿ, ಕತ್ತಿನವರೆಗೂ ಹೂದೋಟ ಹಬ್ಬಿತು. ಮಿಜುಶಿಮಾ-ಸಾನ್ ಮಾತ್ರ ಜಪಾನಿಯಲ್ಲಿ "ಹಾಯ್, ಹಾಯ್", ಅಂದರೆ ಆಗಲಿ ಆಗಲಿ, ಎನ್ನುತ್ತ ಸೀಸೆ ಇಳಿಸುತ್ತಲೇ ಇದ್ದಳು.

ಕೊನೆಗೆ ಒಂದು ಸೀಸೆ ಮೂಗಿಗೆ ತಾಗಿದ್ದೇ ಅಶ್ವತ್ಥ ನಿಂತಲ್ಲೇ ಕಣ್ಣು ಮುಚ್ಚಿದ.

"ಇದು ಕಿನ್ಮೊಕುಸೇ. ಚಳಿಗಾಲಕ್ಕೆ ಮುಂಚೆ ಅರಳುವ ಕಿತ್ತಳೆ ಬಣ್ಣದ ಸಣ್ಣ ಹೂವು" ಎಂದಳು ಮಿಜುಶಿಮಾ-ಸಾನ್.

"ಇದೇ! ಇದು ನಮ್ಮನೆ ಪರಿಮಳ!" ಎಂದ ಅಶ್ವತ್ಥ. "ಬೆಳಿಗ್ಗೆ ಎದ್ದ ತಕ್ಷಣ, ಯಾರ ಕಾಟಾನೂ ಇಲ್ದೆ, ಒಬ್ಬನೇ ನೆಮ್ಮದಿಯಾಗಿ ಕೂತಿರೋ ಹಾಗಿದೆ."

ತನ್ನ ಸೆಂಟನ್ನು ಇಷ್ಟು ಮನಸ್ಸಿಟ್ಟು ಮೂಸಿದವರನ್ನು ಆಕೆ ಕಂಡಿರಲಿಲ್ಲವೇನೋ, ಕಣ್ಣು ಒದ್ದೆ ಮಾಡಿಕೊಂಡಳು. ಸೀಸೆಯನ್ನು ರೇಷ್ಮೆಯಂಥ ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಅಶ್ವತ್ಥ ಆಫೀಸಿಗೆ ಮರಳಿದಾಗ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಮಾಸ್ಕ್ ಹಾಕಿಕೊಂಡರು. ಜಪಾನಿನಲ್ಲಿ ಆಫೀಸಿಗೆ ಸೆಂಟು ಹಾಕಿಕೊಂಡು ಬರುವವರಿಲ್ಲ. ಬಂದವರಿಗೆ ಮುಖದ ಮೇಲೆ ಹೇಳುವವರಂತೂ ಇಲ್ಲವೇ ಇಲ್ಲ. ಮ್ಯಾನೇಜರ್ ಓಗುರಾ-ಸಾನ್ ಕಿಟಕಿ ತೆರೆದು, ಬಹಳ ಯೋಚಿಸಿ, "ಅಶ್ವತ್ಥ-ಸಾನ್, ಇವತ್ತು ನೀವು ವಸಂತಕಾಲದ ಹಾಗಿದ್ದೀರಿ" ಎಂದರು.

"ಅರಿಗಾತೋ!" ಎಂದು ಧನ್ಯವಾದ ಹೇಳಿ ಅಶ್ವತ್ಥ ಬೀಗಿದ.

ಇನ್ನೂ ಸ್ವಲ್ಪ ಯೋಚಿಸಿ ಓಗುರಾ-ಸಾನ್, ಮಧ್ಯಾಹ್ನದ ಮೀಟಿಂಗಿಗೆ ಅವನು ಕೊನೆಯ ಚಿಕ್ಕ ರೂಮಿನಲ್ಲಿ ಒಬ್ಬನೇ ಕುಳಿತು ಆನ್‌ಲೈನಿನಲ್ಲಿ ಸೇರಿದರೆ ಆರಾಮವಾಗಿರುತ್ತದೆ ಎಂದರು. ಕಡೆಗೂ ತನಗೊಂದು ಸ್ವಂತ ಕ್ಯಾಬಿನ್ ಸಿಕ್ಕಿತೆಂದು ಅಶ್ವತ್ಥ ಅಲ್ಲಿ ಕಾಲು ಚಾಚಿ ಕುಳಿತ. ಸಂಜೆ ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ ಅವನ ಎರಡೂ ಪಕ್ಕದ ಸೀಟುಗಳು ತಾವಾಗಿ ಖಾಲಿಯಾದವು. ದಿನವೇ ತನ್ನದು ಎಂದು ಅವನಿಗೆ ಖಾತ್ರಿಯಾಯಿತು.

ಲಿಫ್ಟಿನಲ್ಲಿ ಕಿಶೋರ್, ಶರಣ್ಯಾ ಕೇಕಿನ ಡಬ್ಬ ಹಿಡಿದು ನಿಂತಿದ್ದರು. ಬಾಗಿಲು ಮುಚ್ಚಿದ್ದೇ ಶರಣ್ಯಾಳ ಹುಬ್ಬು ಮೇಲೇರಿತು.

"ಏನ್ ಅಶ್ವತ್ಥ್, ಆಫೀಸಿಂದಾನೇ ಬರ್ತಿದೀರಾ?"

"ಹೂಂ. ಮಧ್ಯಾಹ್ನ ಒಂದ್ಸಲ ಮಿಜುಶಿಮಾ-ಸಾನ್ ಹತ್ರ ಹೋಗಿದ್ದೆ" ಎಂದವನು, ಉಡುಗೊರೆಯ ಗುಟ್ಟು ಒಡೆದೀತೆಂದು ನಾಲಿಗೆ ಕಚ್ಚಿಕೊಂಡ. "ಅದು... ಸಾವಿತ್ರಿಗೆ ಹೇಳ್ಬೇಡಿ ಪ್ಲೀಸ್."

ಕಿಶೋರ್ ಕೇಕಿನ ಡಬ್ಬವನ್ನೇ ನೋಡತೊಡಗಿದ. ಶರಣ್ಯಾ ಮನೆಯೊಳಗೆ ಕಾಲಿಟ್ಟವಳೇ ಸಾವಿತ್ರಿಯನ್ನು ಅಡುಗೆಮನೆಗೆ ಎಳೆದೊಯ್ದಳು. ಹೊರಗೆ ಬಂದ ಸಾವಿತ್ರಿ ಗಂಡನ ಕೈ ಹಿಡಿದು ಮಣಿಕಟ್ಟು ಮೂಸಿದಳು. ಮೊಣಕೈ ಮೂಸಿದಳು. ಇನ್ನೊಂದು ಕೈ, ಆಮೇಲೆ ಕತ್ತು.

"ರೀ," ಎಂದಳು ಕಣ್ಣು ತುಂಬಿಕೊಂಡು, "ಎಷ್ಟು ಜನ ರೀ?"

"ಅಯ್ಯೋ, ಜನ ಅಲ್ಲ ಕಣೇ, ಹೂವು! ಎಲ್ಲಾ ನಿನಗೋಸ್ಕರಾನೇ!" ಎಂದು ಅಶ್ವತ್ಥ ಬ್ಯಾಗಿನಿಂದ ಗಂಟನ್ನು ತೆಗೆದು ಮುಂದಿಟ್ಟ. ಅದರ ಅಂದ ನೋಡಿ ಶರಣ್ಯಾಳ ಅನುಮಾನ ಇನ್ನೂ ಬಲವಾಯಿತು.

"ಕುಕ್ಕರ್ ಕೊಟ್ಟ ಮನುಷ್ಯಂಗೆ ಇದ್ದಕ್ಕಿದ್ದಂಗೆ ಇಷ್ಟು ಟೇಸ್ಟ್ ಎಲ್ಲಿಂದ ಬಂತು? ಸಾವಿತ್ರಿ, ನಾನು ಹೇಳ್ತೀನಿ ಕೇಳು, ಇದನ್ನ ಆರಿಸಿರೋಳು ಹೆಂಗಸು. ಅವಳೇ, ಆ ಮಿಜುಶಿಮಾ."

"ನಮ್ಮಮ್ಮನಾಣೆಗೂ ನಾನೇ ಆರಿಸಿದ್ದು!" ಅಶ್ವತ್ಥ ಎದೆ ತಟ್ಟಿಕೊಂಡ. "ನೀನೇ ಮೂಸಿ ನೋಡು. ಇದು ನಮ್ಮನೆ ಪರಿಮಳ."

ಸಾವಿತ್ರಿ ಅಂಗೈಗೆ ಒಂದು ತುಂತುರು ಹಾಕಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಅವಳ ಭುಜ ಅದುರತೊಡಗಿತು. ಆನಂದಬಾಷ್ಪವೇ ಇರಬೇಕೆಂದು ಅಶ್ವತ್ಥ ಕಿಶೋರನತ್ತ ಗೆಲುವಿನ ನೋಟ ಬೀರಿದ.

ಸಾವಿತ್ರಿ ಶರಣ್ಯಾಳ ಕೈ ಹಿಡಿದು ನೇರ ಟಾಯ್ಲೆಟ್ಟಿಗೆ ನಡೆದು ಬಾಗಿಲು ತೆಗೆದಳು. ಮೂಲೆಯಲ್ಲಿ, ಸೂಪರ್‌ ಮಾರ್ಕೆಟ್ಟಿನಿಂದ ಅವಳು ಪ್ರತಿ ಸಲ ತರುವ, ಕಿತ್ತಳೆ ಹೂವಿನ ಚಿತ್ರದ ಟಾಯ್ಲೆಟ್ ಫ್ರೆಶ್‌ನರ್ ಡಬ್ಬಿ ಕುಳಿತಿತ್ತು. ಶರಣ್ಯಾ ಅದನ್ನು ಮೂಸಿದಳು, ಸಾವಿತ್ರಿಯ ಅಂಗೈ ಮೂಸಿದಳು, ಸೆರಗಿಲ್ಲದ್ದರಿಂದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

"ಈಗ ಹೇಳು," ಎಂದಳು ಸಾವಿತ್ರಿ ನಗು ತಡೆಯಲಾರದೆ, "ಬೇರೆ ಹೆಂಗಸು ಅಂತ ಒಬ್ಳಿದ್ದಿದ್ರೆ, ಇದನ್ನ ತಗೊಳ್ಳೋಕೆ ಬಿಡ್ತಿದ್ಲಾ?"

ಅಶ್ವತ್ಥನ ಶೀಲಕ್ಕೆ ಅಂಟಿದ್ದ ಕಳಂಕ ಅಲ್ಲಿಗೆ ಪೂರ್ತಿ ತೊಳೆದುಹೋಯಿತು. "ನೋಡಿದ್ಯಾ? ನಮ್ಮನೇದೇ ಅಂತ ಮೂಗು ಕರೆಕ್ಟಾಗೇ ಹೇಳಿತ್ತು" ಎಂದು ಅವನು ಇನ್ನೂ ವಾದಿಸುತ್ತಿರುವಾಗಲೇ ಸಾವಿತ್ರಿ ಸೀಸೆಯನ್ನು ಆ ಡಬ್ಬಿಯ ಪಕ್ಕದಲ್ಲಿಟ್ಟು ಬಂದಳು.

ಅವನು ಹೇಳಿದಂತೆಯೇ ಇಡೀ ಬಿಲ್ಡಿಂಗ್ ಮಾತಾಡಿತು. ಆ ಸಂಜೆ ಬಂದ ಅತಿಥಿಗಳೆಲ್ಲ ಸಾವಿತ್ರಿಗೆ ಶುಭಾಶಯ ಹೇಳಿ, ಕೇಕಿಗೂ ಮೊದಲು ಟಾಯ್ಲೆಟ್ ಎಲ್ಲಿದೆ ಎಂದು ಕೇಳಿದರು. ಅಶ್ವತ್ಥನೇ ಮುಂದೆ ಹೋಗಿ ಎಲ್ಲರಿಗೂ ಬಾಗಿಲು ತೆರೆದು ತೋರಿಸಬೇಕಾಯಿತು.